ಬಾಯಿಹುಣ್ಣಿನಿಂದ ಮಿದುಳಿನ ನಾಳದವರೆಗೆ: ಡಾ. ಹುಲೂಸಿ ಬೆಹ್ಚೆತ್ ಅವರ ಬಾಳು

ಕಾಸರಗೋಡಿನಿಂದ ಬಡಗಣ ದಿಕ್ಕಿಗೆ ಹೊರಟ ರೈಲು ಮಂಗಳೂರು, ಉಡುಪಿ, ಕಾರವಾರಗಳನ್ನು ಹಿಂದಿಕ್ಕಿ, ಕಾಳೀನದಿಯ ಸೇತುವೆ ದಾಟಿ ಗೋವೆಯ ಗಡಿ ಹೊಕ್ಕಿತೆಂದರೆ ಸಿಗುವ ಮೊದಲ ತಾಲೂಕು ಕಾಣಕೋಣ. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಪಾಡಿಗೂ ನಮ್ಮ ಪಾಡಿಗೂ ಹೆಚ್ಚಿನ ಅಂತರವಿಲ್ಲ. ಮನೆಯೊಳಗೆ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಆಸ್ಪತ್ರೆಯ ಚೀಟಿಯಲ್ಲಿ ಮತ್ತೊಂದು. ಬೇನೆ ಬಂದಾಗ ಅದನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದೇ ಅರ್ಧ ಬೇನೆ.

ಆ ಊರಿನಲ್ಲಿ ದುಡಿಯುವ ಇಪ್ಪತ್ತೇಳರ ಹರೆಯದ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ವರ್ಷದಲ್ಲಿ ನಾಲ್ಕಾರು ಬಾರಿ ಬಾಯಿತುಂಬ ಹುಣ್ಣು. ಉಷ್ಣವೆಂದು ತಾಯಿ ಮಜ್ಜಿಗೆ ಕೊಡುತ್ತಾರೆ, ಪುನರ್ಪುಳಿಯ ಶರಬತ್ತು ಮಾಡಿಕೊಡುತ್ತಾರೆ. ಹತ್ತು ದಿನಗಳಲ್ಲಿ ಹುಣ್ಣು ತಾನೇ ಮಾಯುತ್ತದೆ. ಒಮ್ಮೆ ಕಣ್ಣು ಕೆಂಪಾಗಿ ನೋವಾಯಿತು. ಔಷಧದ ಅಂಗಡಿಯ ಹನಿಮದ್ದು ಬಿಟ್ಟು ಸುಮ್ಮನಾದ. ಗುಪ್ತಾಂಗದಲ್ಲಿಯೂ ಹುಣ್ಣಾದದ್ದುಂಟು, ಆದರೆ ಅದನ್ನು ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ಈಗ ಹದಿನೈದು ದಿನಗಳಿಂದ ತಲೆನೋವು. ಮಲಗಿದರೆ, ಕೆಮ್ಮಿದರೆ ಹೆಚ್ಚು. ಬೆಳಗ್ಗೆ ವಾಂತಿ. ಒಂದು ವಸ್ತು ಎರಡಾಗಿ ಕಾಣುತ್ತದೆ. ಕಾಣಕೋಣದ ಸರಕಾರಿ ಆರೋಗ್ಯ ಕೇಂದ್ರದಿಂದ ಮಡಗಾಂವಿಗೆ, ಅಲ್ಲಿಂದ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಅವನನ್ನು ಕಳುಹಿಸುತ್ತಾರೆ. ತಪಾಸಣೆಯಲ್ಲಿ ಮಿದುಳಿನ ಅಭಿಧಮನಿಯಲ್ಲಿ ನೆತ್ತರು ಹೆಪ್ಪುಗಟ್ಟಿರುವುದು ಕಾಣುತ್ತದೆ.

ಇದು ಕಲ್ಪಿತ ಚಿತ್ರವೇ ಹೊರತು ಯಾರೊಬ್ಬರ ಕಥೆಯಲ್ಲ. ಆದರೆ ಇಂತಹ ರೋಗಿ ಎದುರಿಗೆ ಬಂದಾಗ ಬಲ್ಲ ವೈದ್ಯರು ತಲೆಯ ವಿಷಯ ಬಿಟ್ಟು ಬಾಯಿಯ ವಿಷಯ ಕೇಳುತ್ತಾರೆ. ಆಗಾಗ ಬಾಯಿಹುಣ್ಣು ಬರುತ್ತದೆಯೇ, ಕಣ್ಣು ಕೆಂಪಾಗಿತ್ತೇ, ಮರ್ಮಸ್ಥಾನದಲ್ಲಿ ಗಾಯವಾಗಿತ್ತೇ ಎಂದು ವಿಚಾರಿಸುತ್ತಾರೆ. ತಲೆಗೂ ಬಾಯಿಗೂ ಎತ್ತಣ ಸಂಬಂಧವೆಂದು ಮನೆಯವರಿಗೆ ಅಚ್ಚರಿಯಾಗಬಹುದು. ಈ ಪ್ರಶ್ನೆಯನ್ನು ವೈದ್ಯಲೋಕಕ್ಕೆ ಕಲಿಸಿಕೊಟ್ಟವರು ತುರ್ಕಿ ದೇಶದ ಚರ್ಮರೋಗ ತಜ್ಞ ಡಾ. ಹುಲೂಸಿ ಬೆಹ್ಚೆತ್. ಅವರು ತೀರಿಕೊಂಡು ಮುಕ್ಕಾಲು ಶತಮಾನ ಕಳೆಯಿತು. ಅವರ ಹೆಸರು ಇಂದಿಗೂ ಒಂದು ರೋಗದ ಹೆಸರಾಗಿ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿ ಉಳಿದಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹುಲೂಸಿಯವರು ಹುಟ್ಟಿದ್ದು 1889ರ ಫೆಬ್ರವರಿ 20ರಂದು, ಇಸ್ತಾಂಬುಲ್ ನಗರದಲ್ಲಿ. ಆಗ ಅದು ಒಟ್ಟೋಮನ್ ಸುಲ್ತಾನರ ರಾಜಧಾನಿ. ಹುಡುಗ ಚಿಕ್ಕವನಿರುವಾಗಲೇ ತಾಯಿ ತೀರಿಕೊಂಡರು. ಸಾಕಿದವರು ಅಜ್ಜಿ. ತಂದೆ ಅಹ್ಮದ್ ಬೆಹ್ಚೆತ್ ವ್ಯವಹಾರದ ನಿಮಿತ್ತ ದಮಾಸ್ಕಸ್‌ನಲ್ಲಿ ಇರಬೇಕಾಗಿ ಬಂದುದರಿಂದ ಬಾಲಕನ ಪ್ರಾಥಮಿಕ ಶಿಕ್ಷಣ ಅಲ್ಲಿಯೇ ನಡೆಯಿತು. ಮನೆಮಾತು ತುರ್ಕಿ, ಊರಿನ ಮಾತು ಅರಬ್ಬಿ. ಇವುಗಳ ನಡುವೆ ಹುಡುಗ ಫ್ರೆಂಚ್, ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳನ್ನೂ ಕಲಿತನು. ಮನೆಯ ಮಾತಿಗಿಂತ ಭಿನ್ನವಾದ ಮಾತಿನ ನಾಡಿನಲ್ಲಿ ಬೆಳೆದವರಿಗೆ ಭಾಷೆಗಳ ಮೇಲೆ ಒಂದು ಹಿಡಿತ ಬರುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಹುಲೂಸಿಯವರಿಗೆ ಈ ಹಿಡಿತ ಮುಂದೆ ಜೀವಮಾನದ ಆಸ್ತಿಯಾಯಿತು.

ಹದಿನಾರನೆಯ ವಯಸ್ಸಿನಲ್ಲಿ ಅವರು ಗುಲ್ಹಾನೆ ಎಂಬಲ್ಲಿನ ಸೈನಿಕ ವೈದ್ಯ ವಿದ್ಯಾಲಯ ಸೇರಿದರು. 1910ರಲ್ಲಿ, ಇಪ್ಪತ್ತೊಂದು ತುಂಬಿದಾಗ, ವೈದ್ಯರಾಗಿ ಹೊರಬಂದರು. ಪರಂಗಿ ಹುಣ್ಣು ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಸಿಫಿಲಿಸ್ ರೋಗಕ್ಕೆ ಜರ್ಮನಿಯ ಪಾಲ್ ಎರ್ಲಿಖ್ ಕಂಡುಹಿಡಿದ ಸಾಲ್ವರ್ಸಾನ್ ಎಂಬ ಮದ್ದು ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಚರ್ಮರೋಗ ತಜ್ಞನೆಂದರೆ ಮುಖ್ಯವಾಗಿ ಸಿಫಿಲಿಸ್ ತಜ್ಞ. ಯುವ ವೈದ್ಯರು ಗುಲ್ಹಾನೆಯಲ್ಲಿಯೇ ಈ ಶಾಖೆಯನ್ನು ಆರಿಸಿಕೊಂಡು 1914ರಲ್ಲಿ ತರಬೇತಿ ಮುಗಿಸಿದರು.

ಯುದ್ಧಭೂಮಿಯಿಂದ ಬರ್ಲಿನ್‌ಗೆ

ಅದೇ ವರ್ಷ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ನಾಲ್ಕು ವರ್ಷಗಳ ಕಾಲ ಅವರು ಕಿರ್ಕ್ಲಾರೆಲಿ ಮತ್ತು ಎದಿರ್ನೆಯ ಸೈನಿಕ ಆಸ್ಪತ್ರೆಗಳಲ್ಲಿ ದುಡಿದರು. ದಂಡು ಬಿಡಾರಗಳಲ್ಲಿ ಗುಂಡೇಟಿಗಿಂತ ಮೈಮೇಲಿನ ಹುಣ್ಣು ಕಜ್ಜಿಗಳೇ ಹೆಚ್ಚು. ಸಾವಿರಾರು ಮೈಗಳನ್ನು ಕಣ್ಣಾರೆ ನೋಡಿ ಪರೀಕ್ಷಿಸುವ ಅವಕಾಶ ಅವರಿಗೆ ಅಲ್ಲಿ ದೊರೆಯಿತು. ಯುದ್ಧ ಮುಗಿದಾಗ ಸಾಮ್ರಾಜ್ಯ ಸೋತಿತ್ತು. ಹುಲೂಸಿಯವರು ಧೃತಿಗೆಡದೆ ಬುಡಾಪೆಸ್ಟ್‌ಗೆ, ಅನಂತರ ಬರ್ಲಿನ್‌ನ ಪ್ರಸಿದ್ಧ ಶಾರಿತೆ ಆಸ್ಪತ್ರೆಗೆ ಹೋಗಿ ಹೆಚ್ಚಿನ ಅಭ್ಯಾಸ ಮಾಡಿ ಊರಿಗೆ ಮರಳಿದರು.

1923ರಲ್ಲಿ ತುರ್ಕಿ ಗಣರಾಜ್ಯವಾಯಿತು. ಅದೇ ವರ್ಷ ಅವರು ಇಸ್ತಾಂಬುಲ್‌ನ ಹಾಸ್‌ಕೋಯ್ ಗುಪ್ತರೋಗ ಆಸ್ಪತ್ರೆಯ ಮುಖ್ಯ ವೈದ್ಯರಾದರು. ಸ್ವಲ್ಪ ಸಮಯದಲ್ಲೇ ಬಡವರ ಆಸ್ಪತ್ರೆಯೆಂದು ಹೆಸರಾದ ಗುರಬಾ ಆಸ್ಪತ್ರೆಗೆ ಬಂದರು. ಮದುವೆಯಾದದ್ದೂ ಆ ವರ್ಷವೇ. ಒಬ್ಬಳು ಮಗಳು ಹುಟ್ಟಿದಳು.

ಅವರ ಕಣ್ಣು ಎಷ್ಟು ಚುರುಕು ಎಂಬುದಕ್ಕೆ ಎರಡು ಮೂರು ಉದಾಹರಣೆಗಳನ್ನು ಕೊಡಬಹುದು. ಮರಳುನೊಣದಿಂದ ಹರಡುವ ಪೌರಸ್ತ್ಯ ವ್ರಣ ಎಂಬ ಹುಣ್ಣು ಆ ನಾಡಿನಲ್ಲಿ ಸಾಮಾನ್ಯ. ಆ ಹುಣ್ಣಿನ ಹಕ್ಕಳೆಯನ್ನು ಎತ್ತಿ ಮಗುಚಿ ನೋಡಿದರೆ ಅಡಿಯಲ್ಲಿ ಮೊಳೆಯಂತಹ ಮುಳ್ಳುಗಳು ಕಾಣುತ್ತವೆ. ಇದನ್ನು ಗುರುತಿಸಿ ಮೊಳೆಯ ಗುರುತು ಎಂದು ಹೆಸರಿಟ್ಟವರು ಅವರೇ. ಗೋಧಿ, ಬಾರ್ಲಿ ಮೂಟೆ ಹೊರುವ ಹಮಾಲರ ಮೈತುರಿಕೆಗೆ ಕಾಳಿನಲ್ಲಿರುವ ನುಸಿ ಕಾರಣವೆಂದೂ, ಅಂಜೂರ ಕೊಯ್ಯುವವರ ಕೈ ಬೊಬ್ಬೆಗೆ ಹಣ್ಣಿನ ಸೊನೆ ಕಾರಣವೆಂದೂ ಅವರು ಬರೆದರು. ಗೇರುಬೀಜದ ಸೊನೆ ತಾಗಿ ಸುಟ್ಟ ಕೈಗಳನ್ನು ಕಂಡ ನಮ್ಮವರಿಗೆ ಇದರ ಬೆಲೆ ತಟ್ಟನೆ ತಿಳಿದೀತು. ರೋಗದ ಹೆಸರು ಹೇಳುವುದಕ್ಕೆ ಮೊದಲು ರೋಗಿ ಎಲ್ಲಿ ದುಡಿಯುತ್ತಾನೆ, ಏನು ಮುಟ್ಟುತ್ತಾನೆ ಎಂದು ಕೇಳುವುದು ಅವರ ರೀತಿ.

1933ರಲ್ಲಿ ಹಳೆಯ ವಿದ್ಯಾಪೀಠವನ್ನು ಮುಚ್ಚಿ ಇಸ್ತಾಂಬುಲ್ ವಿಶ್ವವಿದ್ಯಾಲಯವನ್ನು ಹೊಸದಾಗಿ ಕಟ್ಟಲಾಯಿತು. ಹಿಟ್ಲರನ ಹಾವಳಿಯಿಂದ ಓಡಿಬಂದ ಅನೇಕ ಜರ್ಮನ್ ಪಂಡಿತರಿಗೆ ಅಲ್ಲಿ ಆಶ್ರಯ ದೊರೆಯಿತು. ಹುಲೂಸಿಯವರು ಚರ್ಮರೋಗ ವಿಭಾಗದ ಪ್ರಾಧ್ಯಾಪಕರಾದರು. ಅಲ್ಲಿಯವರೆಗೆ ತುರ್ಕರಲ್ಲಿ ವಂಶನಾಮದ ಪದ್ಧತಿ ಇರಲಿಲ್ಲ. 1934ರಲ್ಲಿ ಕಾನೂನು ಬಂದಾಗ ಅವರು ತಂದೆಯ ಹೆಸರನ್ನೇ ತಮ್ಮ ವಂಶನಾಮವಾಗಿ ಇಟ್ಟುಕೊಂಡರು. ಹೀಗೆ ಅವರು ಹುಲೂಸಿ ಬೆಹ್ಚೆತ್ ಆದರು. ತಂದೆಯ ನೆನಪಿಗೆಂದು ಇಟ್ಟುಕೊಂಡ ಆ ಹೆಸರು ಮುಂದೆ ರೋಗಕ್ಕೆ ಅಂಟಿಕೊಂಡಿತು.

1928ರಲ್ಲಿ ತುರ್ಕಿಯ ಲಿಪಿಯೇ ಬದಲಾಗಿತ್ತು. ಅರಬ್ಬಿ ಅಕ್ಷರ ಹೋಗಿ ಲ್ಯಾಟಿನ್ ಅಕ್ಷರ ಬಂದಿತ್ತು. ಕಲಿತವರೂ ಮತ್ತೆ ಓನಾಮ ಬರೆಯಬೇಕಾದ ಕಾಲ. ಬೆಹ್ಚೆತ್‌ರು ಯುರೋಪಿನ ಲೇಖನಗಳನ್ನು ತುರ್ಕಿಗೆ ಅನುವಾದಿಸಿದರು, ಚರ್ಮರೋಗಗಳ ಬಗ್ಗೆ ತುರ್ಕಿ ಭಾಷೆಯಲ್ಲಿಯೇ ನಿಯತಕಾಲಿಕ ಹೊರಡಿಸಿದರು, ಸಿಫಿಲಿಸನ್ನೂ ಅದನ್ನು ಹೋಲುವ ಚರ್ಮರೋಗಗಳನ್ನೂ ಕುರಿತು 1940ರಲ್ಲಿ ದೊಡ್ಡ ಗ್ರಂಥ ಬರೆದರು. ತಮ್ಮ ಹೊಸ ಶೋಧಗಳನ್ನು ಮಾತ್ರ ಜರ್ಮನ್ ಮತ್ತು ಫ್ರೆಂಚ್ ಪತ್ರಿಕೆಗಳಿಗೆ ಕಳುಹಿಸಿದರು. ಮನೆಯವರಿಗೆ ಮನೆಯ ಮಾತಿನಲ್ಲಿ, ಹೊರಗಿನವರಿಗೆ ಅವರ ಮಾತಿನಲ್ಲಿ ಎಂಬುದು ಅವರ ನೀತಿಯಾಗಿತ್ತು.

ಮೂವರು ರೋಗಿಗಳು

1924–25ರ ಸುಮಾರಿಗೆ ಅವರ ಬಳಿ ಒಬ್ಬ ರೋಗಿ ಬಂದನು. ಬಾಯಿಯಲ್ಲಿ, ಗುಪ್ತಾಂಗದಲ್ಲಿ ಮರಳಿ ಮರಳಿ ಹುಣ್ಣು. ಕಣ್ಣಿನೊಳಗೆ ಉರಿಯೂತ. ಈತ ಬಹಳ ವರ್ಷಗಳಿಂದ ಇಸ್ತಾಂಬುಲ್‌ನ ವೈದ್ಯರನ್ನೂ ವಿಯೆನ್ನಾದ ವೈದ್ಯರನ್ನೂ ಸುತ್ತಿ ಬಂದಿದ್ದನು. ಕೆಲವರು ಸಿಫಿಲಿಸ್ ಎಂದರು, ಕೆಲವರು ಕ್ಷಯವೆಂದರು, ವಿಯೆನ್ನಾದವರು ಯಾವುದೋ ಸೂಕ್ಷ್ಮ ಪರೋಪಜೀವಿ ಇರಬೇಕೆಂದರು. ಕಣ್ಣಿಗೆ ಶಸ್ತ್ರಚಿಕಿತ್ಸೆಗಳಾದವು. ಕೊನೆಗೆ ದೃಷ್ಟಿಯೇ ಹೋಯಿತು.

1930ರಲ್ಲಿ ಒಬ್ಬ ಹೆಂಗಸು, 1936ರಲ್ಲಿ ದಂತ ಚಿಕಿತ್ಸಾಲಯದಿಂದ ಕಳುಹಿಸಲ್ಪಟ್ಟ ಇನ್ನೊಬ್ಬ ಗಂಡಸು. ಇವರಲ್ಲಿಯೂ ಬಾಯಿ, ಕಣ್ಣು, ಗುಪ್ತಾಂಗ ಈ ಮೂರು ಕಡೆ ಅದೇ ತೊಂದರೆ. ಬಾಯಿಯನ್ನು ದಂತವೈದ್ಯ ನೋಡುತ್ತಿದ್ದ, ಕಣ್ಣನ್ನು ಕಣ್ಣಿನ ವೈದ್ಯ ನೋಡುತ್ತಿದ್ದ, ಮರ್ಮಸ್ಥಾನದ ಹುಣ್ಣನ್ನು ಗುಪ್ತರೋಗದ ವೈದ್ಯ ನೋಡಿ ಸಿಫಿಲಿಸ್ ಎಂದು ಷರಾ ಬರೆಯುತ್ತಿದ್ದ. ಮೂವರೂ ತಮ್ಮ ತಮ್ಮ ಪಾಲಿನದನ್ನು ಸರಿಯಾಗಿಯೇ ನೋಡಿದ್ದರು. ಇಡೀ ಮನುಷ್ಯನನ್ನು ಮಾತ್ರ ಯಾರೂ ನೋಡಿರಲಿಲ್ಲ.

ಇಲ್ಲಿ ಬೆಹ್ಚೆತ್‌ರ ಸಿಫಿಲಿಸ್ ಪಾಂಡಿತ್ಯ ಕೆಲಸಕ್ಕೆ ಬಂತು. ಯಾವುದು ಸಿಫಿಲಿಸ್ ಎಂದು ಬಲ್ಲವನಿಗೇ ಯಾವುದು ಸಿಫಿಲಿಸ್ ಅಲ್ಲ ಎಂದು ಧೈರ್ಯದಿಂದ ಹೇಳಲು ಸಾಧ್ಯ. ಆ ಕಾಲದಲ್ಲಿ ಮರ್ಮಸ್ಥಾನದ ಹುಣ್ಣೆಂದರೆ ನಡತೆಗೆಟ್ಟವನ ಗುರುತು. ಆ ಮುದ್ರೆ ಒಮ್ಮೆ ಬಿದ್ದರೆ ಮದುವೆ ಮುರಿಯುತ್ತಿತ್ತು, ಮನೆಯೊಡೆಯುತ್ತಿತ್ತು, ವಿಷಪ್ರಾಯವಾದ ಮದ್ದನ್ನು ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ಇದು ಅಂಟುರೋಗವಲ್ಲ, ರೋಗಿಯ ನಡತೆಯ ಫಲವೂ ಅಲ್ಲ, ಇದು ಬೇರೆಯೇ ಒಂದು ರೋಗ ಎಂದು ಸಾರುವುದರಿಂದ ವಿಜ್ಞಾನಕ್ಕೆ ಲಾಭವಾಯಿತು, ರೋಗಿಗಳ ಮಾನವೂ ಉಳಿಯಿತು.

1937ರಲ್ಲಿ ಜರ್ಮನಿಯ ಒಂದು ಚರ್ಮರೋಗ ವಾರಪತ್ರಿಕೆಯಲ್ಲಿ ಅವರು ಈ ತ್ರಿಲಕ್ಷಣದ ರೋಗವನ್ನು ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸಿನ ಚರ್ಮರೋಗ ತಜ್ಞರ ಸಭೆಯಲ್ಲಿಯೂ ವಿವರಿಸಿದರು. ಮರುವರ್ಷ ಇನ್ನಷ್ಟು ವಿವರ ಕೊಟ್ಟರು. ಕಾರಣ ಯಾವುದೋ ವೈರಸ್ ಇರಬೇಕೆಂದು ಅವರು ನಂಬಿದ್ದರು. ಆ ಊಹೆ ಇಂದಿಗೂ ಸಿದ್ಧವಾಗಿಲ್ಲ. ಆದರೆ ಮೂರು ಲಕ್ಷಣಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಸ್ಥಿರವಾಗಿ ನಿಂತಿತು.

ಒಪ್ಪಿಗೆಗೆ ಹತ್ತು ವರ್ಷ

ಕಣ್ಣಿನ ವೈದ್ಯರು ಬೇಗನೆ ಒಪ್ಪಿದರು. ಬೆಹ್ಚೆತ್‌ರ ಸ್ವಂತ ಶಾಖೆಯವರಾದ ಚರ್ಮರೋಗ ತಜ್ಞರೇ ಬಹುಕಾಲ ತಲೆಯಾಡಿಸಲಿಲ್ಲ. ಇದು ಹಳೆಯ ರೋಗಗಳದ್ದೇ ಒಂದು ರೂಪ, ಹೊಸ ಹೆಸರು ಬೇಡವೆಂದು ವಾದಿಸಿದರು. ಬೆಲ್ಜಿಯಂ ಮೊದಲಾದ ದೇಶಗಳಿಂದ ಒಂದೊಂದಾಗಿ ರೋಗಿಗಳ ವರದಿ ಬರತೊಡಗಿದ ಮೇಲೆ ವಾದ ಸಡಿಲವಾಯಿತು. 1947ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ಜೂರಿಚ್‌ನ ಪ್ರಾಧ್ಯಾಪಕ ಮೀಶರ್ ಅವರ ಸೂಚನೆಯಂತೆ ರೋಗಕ್ಕೆ ಬೆಹ್ಚೆತ್ ಅವರ ಹೆಸರು ಬಂತು.

ಇಲ್ಲಿ ಇನ್ನೊಬ್ಬರ ಹೆಸರನ್ನೂ ಹೇಳುವುದು ನ್ಯಾಯ. ಗ್ರೀಸ್ ದೇಶದ ಕಣ್ಣಿನ ವೈದ್ಯ ಬೆನೆಡಿಕ್ಟೋಸ್ ಅದಮಾಂತಿಯಾದಿಸ್ 1930ರಲ್ಲಿಯೇ ಅಥೆನ್ಸ್‌ನಲ್ಲಿ ಇಂತಹ ಒಬ್ಬ ಯುವಕನ ವಿಷಯ ಮಂಡಿಸಿದ್ದರು. 1946ರಲ್ಲಿ ಅವರು ಇನ್ನೂ ಒಂದು ಮಾತು ಸೇರಿಸಿದರು. ಈ ರೋಗಿಗಳ ಅಭಿಧಮನಿಗಳು ಊದಿಕೊಂಡು ನೆತ್ತರು ಹೆಪ್ಪುಗಟ್ಟುವುದೂ ರೋಗದ ಮುಖ್ಯ ಲಕ್ಷಣವೇ ಎಂದರು. ಆದ್ದರಿಂದ ಕೆಲವು ದೇಶಗಳಲ್ಲಿ ಇಬ್ಬರ ಹೆಸರನ್ನೂ ಕೂಡಿಸಿ ಹೇಳುವುದುಂಟು. ಇನ್ನೂ ಹಿಂದೆ ಹೋದರೆ ಎರಡು ಸಾವಿರ ವರ್ಷಗಳಾಚೆಯ ಹಿಪೊಕ್ರೆಟಿಸನ ಬರಹದಲ್ಲಿಯೂ ಬಾಯಿ, ಕಣ್ಣು, ಗುಪ್ತಾಂಗದ ಇಂತಹ ರೋಗದ ವರ್ಣನೆ ಇದೆ.

ಮೆಡಿಟರೇನಿಯನ್ ತೀರದಿಂದ ತುರ್ಕಿ, ಇರಾನ್ ದಾಟಿ ಜಪಾನಿನವರೆಗೆ, ಹಿಂದೆ ರೇಷ್ಮೆಯ ಸಾರ್ಥಗಳು ಸಾಗುತ್ತಿದ್ದ ದಾರಿಯುದ್ದಕ್ಕೂ ಈ ರೋಗ ಹೆಚ್ಚು. ಹಾಗಾಗಿ ರೇಷ್ಮೆ ದಾರಿಯ ರೋಗವೆಂಬ ಅಡ್ಡಹೆಸರು ಬಂದಿದೆ. ಭಾರತದಲ್ಲಿ ವಿರಳ, ಆದರೆ ಇಲ್ಲವೆಂದಲ್ಲ. ವಿರಳವಾದುದರಿಂದಲೇ ನೆನಪಿಗೆ ಬಾರದೆ ತಪ್ಪಿಹೋಗುತ್ತದೆ.

ಕೊನೆಯ ದಿನಗಳು

ಬೆಹ್ಚೆತ್‌ರ ಮನೆಬಾಳು ಅಷ್ಟು ಸುಖಕರವಾಗಿರಲಿಲ್ಲ. ದಾಂಪತ್ಯ ಮುರಿಯಿತು. ನಿದ್ರೆ ಬಾರದಿರುವುದು, ಕರುಳಿನ ತೊಂದರೆ, ಹೃದಯದ ಬೇನೆ ಇವೆಲ್ಲ ಕಾಡುತ್ತಿದ್ದವು. ಜಿನೀವಾದ ಒಪ್ಪಿಗೆ ಬಂದು ಹೆಚ್ಚು ಕಾಲ ಅವರು ಬದುಕಲಿಲ್ಲ. 1948ರ ಮಾರ್ಚ್ 8ರಂದು ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡರು. ಆಗ ವಯಸ್ಸು ಐವತ್ತೊಂಬತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ಒಬ್ಬ ರೋಗಿಗೆ ಮೊತ್ತಮೊದಲು ಕಾರ್ಟಿಸೋನ್ ಎಂಬ ಮದ್ದು ಕೊಟ್ಟರು. ಹಾಸಿಗೆ ಹಿಡಿದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಇಂದು ಸ್ಟೆರಾಯ್ಡ್ ಎಂದು ಎಲ್ಲರೂ ಬಲ್ಲ ಮದ್ದಿನ ಬಳಗದ ಆರಂಭ ಅದು. ಬೆಹ್ಚೆತ್ ರೋಗಕ್ಕೆ ಇಂದು ಮೊದಲು ಕೈಗೆತ್ತಿಕೊಳ್ಳುವ ಅಸ್ತ್ರ ಇದೇ. ರೋಗವನ್ನು ಗುರುತಿಸಿದವರಿಗೆ ಅದರ ಮದ್ದನ್ನು ನೋಡುವ ಭಾಗ್ಯ ಆರು ತಿಂಗಳ ಅಂತರದಲ್ಲಿ ತಪ್ಪಿಹೋಯಿತು.

ತುರ್ಕಿ ದೇಶ ಅವರನ್ನು ಮರೆಯಲಿಲ್ಲ. ಅಲ್ಲಿನ ವಿಜ್ಞಾನ ಸಂಶೋಧನ ಮಂಡಳಿ 1975ರಲ್ಲಿ ಮರಣೋತ್ತರ ಪುರಸ್ಕಾರ ನೀಡಿತು. 1980ರಲ್ಲಿ ಅವರ ಚಿತ್ರದ ಅಂಚೆಚೀಟಿ ಬಂತು. 1996ರಲ್ಲಿ ಬೆಳ್ಳಿಯ ಸ್ಮಾರಕ ನಾಣ್ಯ ಬಂತು.

ಮಿದುಳಿನ ಕಣಿಯೂ ಹೆಪ್ಪಿನ ಚಿಕಿತ್ಸೆಯೂ

ಬೆಹ್ಚೆತ್‌ರು ಕಂಡದ್ದು ಬಾಯಿ, ಕಣ್ಣು, ಗುಪ್ತಾಂಗ. ರೋಗ ನರಮಂಡಲಕ್ಕೂ ತಟ್ಟುತ್ತದೆ ಎಂಬ ವರದಿ 1941ರಲ್ಲಿ ಬಂತು. ಇದೆಲ್ಲದರ ಬೇರು ಒಂದೇ. ನಮ್ಮ ದೇಹವನ್ನು ಕಾಯಬೇಕಾದ ರಕ್ಷಣಾಪಡೆ ದಾರಿ ತಪ್ಪಿ ರಕ್ತನಾಳಗಳ ಗೋಡೆಯ ಮೇಲೆಯೇ ಏರಿಹೋಗುತ್ತದೆ. ನಾಳದ ಗೋಡೆ ಊದಿಕೊಳ್ಳುತ್ತದೆ. ಊದಿದ ಗೋಡೆಗೆ ನೆತ್ತರು ಅಂಟಿ ಹೆಪ್ಪುಗಟ್ಟುತ್ತದೆ. ಕಾಲಿನ ಅಭಿಧಮನಿಯಲ್ಲಿ ಹೀಗಾಗುವುದು ಹೆಚ್ಚು. ಮಿದುಳಿನಲ್ಲಾದರೆ ಪ್ರಾಣಕ್ಕೂ ಕಣ್ಣಿಗೂ ಕುತ್ತು.

ಅಡಿಕೆ ತೋಟವಿದ್ದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ತೋಟಕ್ಕೆ ನೀರು ಬರುವ ದಾರಿ ಒಂದು, ಬಸಿದುಹೋಗುವ ಉಜಿರುಕಣಿ ಇನ್ನೊಂದು. ಮಳೆಗಾಲದಲ್ಲಿ ಕಣಿ ಕಟ್ಟಿಕೊಂಡರೆ ನೀರು ಬುಡದಲ್ಲಿ ನಿಂತು ಮರ ಕೊಳೆಯುತ್ತದೆ. ಮಿದುಳಿಗೂ ಹಾಗೆಯೇ. ಅಪಧಮನಿ ನೆತ್ತರು ತರುತ್ತದೆ, ಅಭಿಧಮನಿ ಬಸಿದು ಒಯ್ಯುತ್ತದೆ. ಬಸಿಯುವ ದಾರಿ ಮುಚ್ಚಿದರೆ ತಲೆಬುರುಡೆಯೊಳಗೆ ಒತ್ತಡವೇರುತ್ತದೆ. ದಿನದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಎರಡೆರಡು ಕಾಣುವುದು, ದೃಷ್ಟಿ ಮಂಕಾಗುವುದು, ಕೆಲವರಿಗೆ ಅಪಸ್ಮಾರದಂತಹ ಸೆಳೆತ ಇವು ಅದರ ಸೂಚನೆಗಳು. ಸಾಮಾನ್ಯ ಸಿ.ಟಿ. ಚಿತ್ರದಲ್ಲಿ ಇದು ಕಾಣದಿರಲೂಬಹುದು. ಅಭಿಧಮನಿಗಳನ್ನೇ ತೋರಿಸುವ ಎಂ.ಆರ್.ಐ. ಅಥವಾ ಸಿ.ಟಿ. ಚಿತ್ರ ಬೇಕಾಗುತ್ತದೆ.

ಕಣಿ ಕಟ್ಟುವುದರಲ್ಲಿಯೂ ಭೇದವಿದೆ. ತರಗೆಲೆ ಸೋಗೆ ಬಿದ್ದು ಕಟ್ಟಿದರೆ ಅದನ್ನು ತೆಗೆದರೆ ಸಾಕು. ದರೆಯೇ ಜರಿದು ಕಟ್ಟಿದರೆ ಮಣ್ಣು ತೆಗೆದಷ್ಟೂ ಮತ್ತೆ ಬೀಳುತ್ತದೆ, ಮೊದಲು ದರೆಯನ್ನು ಗಟ್ಟಿಮಾಡಬೇಕು. ಚಿಕಿತ್ಸೆಯ ಮರ್ಮವೆಲ್ಲ ಇಲ್ಲಿದೆ.

ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿ ಹೆಪ್ಪುಗಟ್ಟುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ಕಂಡುಬಂದ ತೊಂದರೆ. ಹೆರಿಗೆಯ ಅನಂತರ ಕೆಲವು ವಾರ ನೆತ್ತರಿನ ಹೆಪ್ಪುಗಟ್ಟುವ ಗುಣವೇ ಹೆಚ್ಚಾಗಿರುತ್ತದೆ. ಬಾಣಂತಿಗೆ ನೀರು ಕುಡಿಸಬಾರದೆಂಬ ಹಳೆಯ ಕಟ್ಟುಪಾಡು ಇದನ್ನು ಹೆಚ್ಚಿಸಬಹುದೆಂದು ವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. ಇಂತಹವರಿಗೆ ನೆತ್ತರು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದೇ ಮುಖ್ಯ. ಮಿದುಳಿನಲ್ಲಿ ರಕ್ತಸ್ರಾವವಾದೀತೆಂದು ಹಿಂದೆ ವೈದ್ಯರು ಇದಕ್ಕೆ ಹೆದರುತ್ತಿದ್ದರು. 1991ರಲ್ಲಿ ಜರ್ಮನಿಯಲ್ಲಿ 20 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಹೆಪಾರಿನ್ ಪಡೆದ 10 ಮಂದಿಯಲ್ಲಿ ಯಾರೂ ಸಾಯಲಿಲ್ಲ, 8 ಮಂದಿ ಪೂರ್ಣ ಗುಣವಾದರು. ಪಡೆಯದ 10 ಮಂದಿಯಲ್ಲಿ 3 ಮಂದಿ ತೀರಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 57 ಬಾಣಂತಿಯರ ಮೇಲೆ ಹೆಪಾರಿನ್ ಪರೀಕ್ಷೆ ನಡೆಸಿ 1995ರಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ಈ ವಿಷಯದ ಮೊದಮೊದಲ ಪರೀಕ್ಷೆಗಳಲ್ಲಿ ಅದೂ ಒಂದು.

ಇನ್ನೊಂದು ಬಗೆಯಿದೆ. ರಕ್ಷಣಾಪಡೆ ತಯಾರಿಸುವ ಕೆಲವು ಪ್ರತಿಕಾಯಗಳಿಂದ ನೆತ್ತರೇ ಹೆಪ್ಪುಗಟ್ಟುವ ಸ್ವಭಾವ ತಾಳುವ ರೋಗ. ಇದಕ್ಕೆ ಫಾಸ್ಫೋಲಿಪಿಡ್ ಪ್ರತಿಕಾಯ ರೋಗವೆಂದು ಹೆಸರು. ಇದರಲ್ಲಿ ಹೆಪ್ಪು ತಡೆಯುವ ಮದ್ದನ್ನು ಬಹಳ ವರ್ಷ, ಕೆಲವೊಮ್ಮೆ ಬಾಳಿನುದ್ದಕ್ಕೂ ತೆಗೆದುಕೊಳ್ಳಬೇಕಾಗುತ್ತದೆ.

ಬೆಹ್ಚೆತ್ ರೋಗದಲ್ಲಿ ಮಾತ್ರ ಜರಿದದ್ದು ದರೆ. ಇಲ್ಲಿ ಮೊದಲ ಚಿಕಿತ್ಸೆ ನಾಳದ ಗೋಡೆಯ ಉರಿಯನ್ನು ಆರಿಸುವುದು. ಹೆಚ್ಚಿನ ಪ್ರಮಾಣದ ಸ್ಟೆರಾಯ್ಡನ್ನು ಕೆಲವು ದಿನ ರಕ್ತನಾಳಕ್ಕೆ ಕೊಟ್ಟು, ಅನಂತರ ಮಾತ್ರೆಯಾಗಿ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಸುತ್ತಾರೆ. ರೋಗ ಮರುಕಳಿಸದಂತೆ ಅಜಥಯೋಪ್ರಿನ್ ಮುಂತಾದ, ರಕ್ಷಣಾಪಡೆಯ ಆರ್ಭಟ ತಗ್ಗಿಸುವ ಮದ್ದನ್ನು ಸೇರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇನ್ನೂ ಹೊಸ ಚುಚ್ಚುಮದ್ದುಗಳಿವೆ. ಹೆಪ್ಪು ತಡೆಯುವ ಮದ್ದನ್ನು ಇದರ ಜೊತೆಗೆ ಸ್ವಲ್ಪ ಕಾಲ ಕೊಡಬಹುದೆಂದು ಯುರೋಪಿನ ತಜ್ಞರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. ಮುಖ್ಯ ಚಿಕಿತ್ಸೆ ಮಾತ್ರ ಅದಲ್ಲ.

ಅದಕ್ಕೂ ಮೊದಲು ಒಂದು ಎಚ್ಚರ ಬೇಕು. ಇದೇ ರೋಗದಲ್ಲಿ ಕೆಲವರಿಗೆ ಶ್ವಾಸಕೋಶದ ಅಪಧಮನಿ ಬುಗ್ಗೆಯಂತೆ ಉಬ್ಬಿಕೊಂಡಿರುತ್ತದೆ. ಅದನ್ನು ನೋಡದೆ ಹೆಪ್ಪು ತಡೆಯುವ ಮದ್ದು ಕೊಟ್ಟರೆ ಬುಗ್ಗೆಯೊಡೆದು ನೆತ್ತರು ಕಾರಿ ಪ್ರಾಣವೇ ಹೋದೀತು. ಆದ್ದರಿಂದ ತಲೆಯ ಹೆಪ್ಪಿಗೆ ಮದ್ದು ಕೊಡುವ ಮೊದಲು ಎದೆಯನ್ನು ನೋಡಬೇಕು, ಎದೆಯನ್ನು ನೋಡಬೇಕೆಂದು ಹೊಳೆಯಲು ಬಾಯಿಹುಣ್ಣಿನ ಸಂಗತಿ ತಿಳಿದಿರಬೇಕು. ಬೆಹ್ಚೆತ್‌ರು ಪೋಣಿಸಿದ ದಾರ ಇಲ್ಲಿಯವರೆಗೂ ಬರುತ್ತದೆ.

ರೋಗಿ ಹೇಳಿದರೆ ಮಾತ್ರ

1977ರಲ್ಲಿ ಇಸ್ತಾಂಬುಲ್‌ನ ಜೆರ್ರಾಹ್‌ಪಾಷಾ ಆಸ್ಪತ್ರೆಯಲ್ಲಿ ಈ ರೋಗಕ್ಕೆಂದೇ ಒಂದು ಚಿಕಿತ್ಸಾಲಯ ಆರಂಭವಾಯಿತು. ಚರ್ಮದ ವೈದ್ಯರು, ಕಣ್ಣಿನ ವೈದ್ಯರು, ಸಂಧಿರೋಗದ ವೈದ್ಯರು, ನರರೋಗದ ವೈದ್ಯರು ಕೂಡಿ ಒಬ್ಬನೇ ರೋಗಿಯನ್ನು ನೋಡುವ ಪದ್ಧತಿ ಅಲ್ಲಿಯದು. ಅಲ್ಲಿನ 73 ಗಂಡಸರ ಮೇಲೆ ನಡೆದ ಪರೀಕ್ಷೆಯಿಂದಲೇ ಅಜಥಯೋಪ್ರಿನ್ ಈ ರೋಗದಲ್ಲಿ ಕಣ್ಣನ್ನು ಕಾಪಾಡುತ್ತದೆಂದು 1990ರಲ್ಲಿ ಜಗತ್ತಿಗೆ ತಿಳಿಯಿತು. ಬೆಹ್ಚೆತ್‌ರ ಮೊದಲ ರೋಗಿ ಕಣ್ಣು ಕಳೆದುಕೊಂಡ ಊರಿನಿಂದಲೇ ಈ ಸುದ್ದಿ ಬಂದದ್ದು ವಿಶೇಷ.

ಬಾಯಿಹುಣ್ಣು ಬಂದವರೆಲ್ಲರೂ ಗಾಬರಿಯಾಗಬೇಕಾಗಿಲ್ಲ. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಅದು ಬರಿಯ ಬಾಯಿಹುಣ್ಣೇ. ಮಜ್ಜಿಗೆ ಪುನರ್ಪುಳಿಗಳಿಂದ ಕೆಡುಕೇನೂ ಇಲ್ಲ. ಆದರೆ ವರ್ಷದಲ್ಲಿ ಮೂರು ಬಾರಿಗಿಂತ ಹೆಚ್ಚು ಹುಣ್ಣು ಮರುಕಳಿಸುತ್ತಿದ್ದರೆ, ಅದರ ಜೊತೆಗೆ ಕಣ್ಣು ಕೆಂಪಾಗಿ ನೋಯುವುದು, ಮರ್ಮಸ್ಥಾನದ ಹುಣ್ಣು, ಕಾಲು ಊದುವುದು, ಬಿಡದ ತಲೆನೋವು ಇವುಗಳಲ್ಲಿ ಯಾವುದಾದರೂ ಇದ್ದರೆ, ಎಲ್ಲವನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಬೇಕು. ಸ್ಟೆರಾಯ್ಡನ್ನು ತಾನಾಗಿ ನುಂಗಬಾರದು. ಗುಣವಾಯಿತೆಂದು ತಾನಾಗಿ ನಿಲ್ಲಿಸಲೂಬಾರದು.

ಹೇಳುವುದೇ ನಮ್ಮವರಿಗೆ ಕಷ್ಟ. ಒಂದು ನಾಚಿಕೆಯ ಅಡ್ಡಿ, ಇನ್ನೊಂದು ಭಾಷೆಯ ಅಡ್ಡಿ. ಕಾಣಕೋಣದ ಆ ಯುವಕ ಕೊಂಕಣಿಯಲ್ಲಿ ತಡವರಿಸುತ್ತ ತಲೆನೋವೆಂದಷ್ಟೇ ಹೇಳಿಯಾನು. ಮಲಯಾಳದಲ್ಲಿ ತಡವರಿಸುವ ನಮ್ಮ ಮನೆಯ ಹಿರಿಯರೂ ಅಷ್ಟೇ ಹೇಳಿಯಾರು. ಆಸ್ಪತ್ರೆಗೆ ಹೊರಡುವ ಮೊದಲು ಹಿಂದಿನ ಎರಡು ಮೂರು ವರ್ಷಗಳ ಬೇನೆಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು, ಆ ಊರಿನ ಮಾತು ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗುವುದಕ್ಕೆ ಖರ್ಚೇನೂ ಇಲ್ಲ. ಬೆಹ್ಚೆತ್‌ರು ತಮ್ಮ ರೋಗವನ್ನು ಕಂಡುಹಿಡಿದದ್ದು ದೊಡ್ಡ ಯಂತ್ರದಿಂದಲ್ಲ. ಮೂರು ಕಡೆಯ ಹುಣ್ಣಿನ ಕಥೆಯನ್ನು ಒಬ್ಬನೇ ಮನುಷ್ಯನ ಬಾಯಿಂದ ಪೂರ್ತಿಯಾಗಿ ಕೇಳಿದ್ದರಿಂದ. ಅವರಂತೆ ಕೇಳುವ ವೈದ್ಯರು ಇಂದೂ ಇದ್ದಾರೆ. ಅವರಿಗೆ ಪೂರ್ತಿಯಾಗಿ ಹೇಳುವ ಹೊಣೆ ನಮ್ಮದು.